ಮಳೆಗಾಲದ ಕರೆಂಟು ಮತ್ತು ಇಂಧನಕೋಶ: ಗಡಿನಾಡಿನಿಂದ ಒಂದು ಲೆಕ್ಕಾಚಾರ

ಕೇರಳದ ಕಾಸರಗೋಡು ಜಿಲ್ಲೆಯ ಪೂರ್ವ ಬದಿಯ ಗುಡ್ಡಗಾಡಿನಲ್ಲಿ, ಅಂದರೆ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರುಗಳ ಕಡೆ, ಮಳೆಗಾಲದಲ್ಲಿ ಕರೆಂಟು ಹೋಗುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕೆಲವು ನಿಮಿಷಗಳಿಂದ ಎರಡು ಮೂರು ಗಂಟೆಗಳವರೆಗೆ ಇರುವಂಥದ್ದು: ತಂತಿಗೆ ಕೊಂಬೆ ತಾಗಿ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನು, ಟ್ರಿಪ್ ಆಗಿರುತ್ತದೆ, ಇಲ್ಲವೆ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಗಿರುತ್ತದೆ, ಲೈನ್‌ಮ್ಯಾನ್ ಬಂದು ಸರಿಪಡಿಸಿದರೆ ಮುಗಿಯಿತು. ಎರಡನೆಯದು ಗಾಳಿಮಳೆಗೆ ಬುಡಸಹಿತ ಮರ ಉರುಳಿ 11 ಕೆವಿ ಲೈನಿನ ಕಂಬಗಳು ಸಾಲಾಗಿ ಮುರಿದಾಗ ಬರುವಂಥದ್ದು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ, ತೋಟದಿಂದ ತೋಟಕ್ಕೆ, ಗುಡ್ಡೆಯಿಂದ ಗುಡ್ಡೆಗೆ ತಂತಿ ಹಾಯ್ದುಹೋಗುವ ಈ ಪ್ರದೇಶದಲ್ಲಿ ಅದು ಒಂದು ದಿನಕ್ಕೆ ಮುಗಿಯಲೂಬಹುದು, ಎರಡು ಮೂರು ದಿನ ಎಳೆಯಲೂಬಹುದು. ಇದರಲ್ಲಿ ದುರಸ್ತಿ ಮಾಡುವವರ ತಪ್ಪು ಹುಡುಕಲು ನಾನು ಹೋಗುವುದಿಲ್ಲ. ಕೆಸರಿನ ಇಳಿಜಾರಿನಲ್ಲಿ, ನಿಲ್ಲದ ಮಳೆಯಲ್ಲಿ, ಕಂಬವನ್ನು ಹೆಗಲ ಮೇಲೆ ಸಾಗಿಸಿ ನಿಲ್ಲಿಸುವವರನ್ನು ಕಣ್ಣಾರೆ ಕಂಡವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು: ಈ ಎರಡು ಬಗೆಯ ಕಡಿತಗಳಿಗೆ ಒಂದೇ ಮದ್ದು ಸಾಲದು. ಗಂಟೆಗಳ ಕಡಿತಕ್ಕೆ ಬ್ಯಾಟರಿ ಸಾಕು, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ದಿನಗಳ ಕಡಿತಕ್ಕೆ ಬೇಕಾದದ್ದು ಇಂಧನ ಇರುವಷ್ಟು ಕಾಲ ನಿಂತಲ್ಲೇ ವಿದ್ಯುತ್ ತಯಾರಿಸಬಲ್ಲ ಯಂತ್ರ. ಇಂದಿನವರೆಗೆ ಆ ಯಂತ್ರ ಡೀಸೆಲ್ ಜನರೇಟರ್ ಆಗಿತ್ತು. ಕೆಲವು ಜಾಗಗಳಲ್ಲಿ, ಎಲ್ಲ ಕಡೆಯೂ ಅಲ್ಲ, ಅದು ಇನ್ನು ಮುಂದೆ ಇಂಧನಕೋಶ (ಫ್ಯೂಯೆಲ್ ಸೆಲ್) ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಮೊಬೈಲ್ ಟವರುಗಳ ವಿದ್ಯುತ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಡೀಸೆಲ್ ಜನರೇಟರಿನ ಗುಣವೂ ದೋಷವೂ ನನಗೆ ಚೆನ್ನಾಗಿ ಗೊತ್ತು. ಗುಡ್ಡೆಯ ತಲೆಯ ಮೇಲಿನ ಟವರಿಗೆ ಜೀಪು ಹೋಗದ ದಿನ ಕ್ಯಾನುಗಳಲ್ಲಿ ಡೀಸೆಲ್ ಹೊರಬೇಕು. ಹೊತ್ತು ತಂದ ಮೇಲೆ ಯಂತ್ರ ಸ್ಟಾರ್ಟ್ ಆಗಬೇಕು. ತಿಂಗಳುಗಟ್ಟಲೆ ಸುಮ್ಮನೆ ನಿಂತ ಜನರೇಟರಿನ ಸ್ಟಾರ್ಟಿಂಗ್ ಬ್ಯಾಟರಿಯೇ ಮೊದಲು ಕೈಕೊಡುವುದು. ಟ್ಯಾಂಕಿನ ತಳದಲ್ಲಿ ನೀರು ಕೂಡಿರುತ್ತದೆ, ಫಿಲ್ಟರ್ ಕಟ್ಟಿರುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. 15 ಕೆವಿಎ ಜನರೇಟರಿಗೆ ಒಂದೂವರೆ ಕಿಲೋವ್ಯಾಟಿನ ಲೋಡ್ ಮಾತ್ರ ಕೊಟ್ಟು ಓಡಿಸಿದರೂ ಅದು ಗಂಟೆಗೆ ಸುಮಾರು ಒಂದೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ. ಸರಿಯಾದ ಲೋಡಿನಲ್ಲಿ ಲೀಟರಿಗೆ ಮೂರು ಯೂನಿಟ್ ಕೊಡುವ ಯಂತ್ರ ಇಲ್ಲಿ ಒಂದೇ ಯೂನಿಟ್ ಕೊಡುತ್ತದೆ. ಅರೆಬರೆ ಉರಿದ ಎಣ್ಣೆ ಹೊಗೆಕೊಳವೆಯೊಳಗೆ ಜಿಡ್ಡಾಗಿ ಕೂರುವುದು ಬೇರೆ.

ಇಂಧನಕೋಶದ ಸ್ವಭಾವ ಇದಕ್ಕೆ ವಿರುದ್ಧ. ಅಲ್ಲಿ ಏನೂ ಉರಿಯುವುದಿಲ್ಲ. ಒಂದು ಬದಿಯಿಂದ ಹೈಡ್ರೋಜನ್, ಇನ್ನೊಂದು ಬದಿಯಿಂದ ಗಾಳಿ; ನಡುವೆ ಒಂದು ತೆಳು ಪೊರೆ. ಪೊರೆಯ ಎರಡೂ ಮುಖಗಳಿಗೆ ಪ್ಲಾಟಿನಂ ಕಣಗಳನ್ನು ಹೊತ್ತ ಇಂಗಾಲದ ಲೇಪ ಇರುತ್ತದೆ. ಆ ಪ್ಲಾಟಿನಂ ಹೈಡ್ರೋಜನ್ನನ್ನು ಪ್ರೋಟಾನು ಮತ್ತು ಇಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪ್ರೋಟಾನನ್ನು ಪೊರೆ ತನ್ನ ಮೂಲಕ ಬಿಟ್ಟುಕೊಡುತ್ತದೆ, ಇಲೆಕ್ಟ್ರಾನನ್ನು ಬಿಡುವುದಿಲ್ಲ. ದಾರಿ ಕಾಣದ ಇಲೆಕ್ಟ್ರಾನು ಹೊರಗಿನ ತಂತಿಯಲ್ಲಿ ಸುತ್ತು ಹಾಕಿಕೊಂಡು ಆಚೆ ಬದಿ ಸೇರುತ್ತದೆ, ಅದೇ ನಮಗೆ ಬೇಕಾದ ವಿದ್ಯುತ್ತು. ಆಚೆ ಬದಿಯಲ್ಲಿ ಪ್ರೋಟಾನು, ಇಲೆಕ್ಟ್ರಾನು, ಗಾಳಿಯ ಆಮ್ಲಜನಕ ಮೂರೂ ಕೂಡಿ ನೀರಾಗುತ್ತವೆ. ಒಂದು ತರಬೇತಿಯಲ್ಲಿ ಬಿಚ್ಚಿಟ್ಟ ಸ್ಟ್ಯಾಕ್ ಒಂದನ್ನು, ಅಂದರೆ ಇಂಥ ಕೋಶಗಳ ಅಟ್ಟಿಯನ್ನು, ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಗ್ರಾಫೈಟಿನ ಕಪ್ಪು ತಟ್ಟೆಗಳು, ಪ್ರತಿ ತಟ್ಟೆಯ ಮೇಲೆ ಅನಿಲ ಹರಿಯಲು ಕೊರೆದ ಅಂಕುಡೊಂಕಾದ ಸಣ್ಣ ಕಾಲುವೆಗಳು, ಎರಡು ತಟ್ಟೆಗಳ ನಡುವೆ ಪ್ಲಾಸ್ಟಿಕ್ ಹಾಳೆಯಂತಹ ಪೊರೆ, ಅಂಚಿಗೆ ರಬ್ಬರಿನ ಗ್ಯಾಸ್ಕೆಟ್, ಎಲ್ಲವನ್ನೂ ಬಿಗಿದು ಹಿಡಿಯಲು ಎರಡು ತುದಿಗಳಲ್ಲಿ ದಪ್ಪನೆಯ ಲೋಹದ ಫಲಕ ಮತ್ತು ಉದ್ದನೆಯ ಬೋಲ್ಟುಗಳು. ಒಂದೊಂದು ಕೋಶ ಲೋಡಿನ ಮೇಲೆ ಕೊಡುವುದು 0.6ರಿಂದ 0.7 ವೋಲ್ಟ್ ಮಾತ್ರ. ಆದ್ದರಿಂದಲೇ ಹತ್ತಾರು ಕೋಶಗಳನ್ನು ಸಾಲಾಗಿ ಜೋಡಿಸುತ್ತಾರೆ. ಅದರೊಳಗೆ ತಿರುಗುವ ಭಾಗ ಒಂದೂ ಇಲ್ಲ. ತಿರುಗುವುದೇನಿದ್ದರೂ ಹೊರಗಿನ ಗಾಳಿಯ ಬ್ಲೋವರ್ ಮತ್ತು ತಂಪುಗೊಳಿಸುವ ಪಂಪು.

ಈ ತತ್ತ್ವ ಹೊಸದಲ್ಲ. ವಿಲಿಯಂ ಗ್ರೋವ್ 1839ರಲ್ಲೇ ಇದನ್ನು ತೋರಿಸಿದ್ದ, ಅಪೊಲೊ ನೌಕೆಗಳು ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಇದರಿಂದಲೇ ಪಡೆದಿದ್ದವು. ನಮ್ಮ ರಾಜ್ಯದ್ದೇ ಹೇಳುವುದಾದರೆ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ತಯಾರಿಸಿದ 100 ವ್ಯಾಟ್ ಶ್ರೇಣಿಯ ಇಂಧನಕೋಶ 2024ರ ಜನವರಿ 1ರಂದು ಪಿಎಸ್‌ಎಲ್‌ವಿ ಸಿ58 ರಾಕೆಟಿನಲ್ಲಿ ಕಕ್ಷೆಗೆ ಹೋಗಿ ಅಲ್ಲಿ ಕೆಲಸ ಮಾಡಿ ತೋರಿಸಿತು. ಆದರೆ ನೆಲದ ಮೇಲೆ ಒಂದೇ ಕಡೆ ಸ್ಥಿರವಾಗಿ ನಿಂತು ಕರೆಂಟು ಕೊಡುವ ಇಂಧನಕೋಶದ ಬೆಲೆ ಏನೆಂದು ನನಗೆ ಮನವರಿಕೆ ಮಾಡಿಕೊಟ್ಟ ಉದಾಹರಣೆ ನ್ಯೂಯಾರ್ಕಿನದು. ಅಲ್ಲಿನ ಸೆಂಟ್ರಲ್ ಪಾರ್ಕಿನೊಳಗೆ ಒಂದು ಪೊಲೀಸ್ ಠಾಣೆ ಇದೆ. ಅದಕ್ಕೆ ಹೊಸ ಕೇಬಲ್ ಎಳೆಯಲು ಉದ್ಯಾನವನ್ನೇ ಅಗೆಯಬೇಕಾಗುತ್ತಿತ್ತು. ಅದರ ಬದಲು 1999ರಲ್ಲಿ 200 ಕಿಲೋವ್ಯಾಟಿನ ಇಂಧನಕೋಶವೊಂದನ್ನು ಠಾಣೆಯ ಪಕ್ಕದಲ್ಲಿ ಸ್ಥಾಪಿಸಿದರು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದ ಹಲವು ರಾಜ್ಯಗಳಲ್ಲಿ ಗ್ರಿಡ್ ಕುಸಿದು ಇಡೀ ನಗರ ಕತ್ತಲಾದಾಗ ಆ ಠಾಣೆಯಲ್ಲಿ ದೀಪ ಉರಿಯುತ್ತಿತ್ತು. ತಂತಿ ಎಳೆಯುವುದು ಕಷ್ಟವಾದ ಜಾಗ, ಕರೆಂಟು ಹೋಗಲೇಬಾರದ ಕೆಲಸ, ಈ ಎರಡೂ ಕೂಡಿದ ಕಡೆ ಇಂಧನಕೋಶಕ್ಕೆ ಅರ್ಥ ಬರುತ್ತದೆ.

ನಮ್ಮಲ್ಲಿ ಅಂಥ ಜಾಗ ಯಾವುದು? ಸಂಬಂಧದಲ್ಲಿ ಭಾವನಾಗಬೇಕಾದ, ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿರುವ ಒಬ್ಬರು ಈ ವಿಷಯ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಭಾವ, ಇನ್ನೂ ನಾಲ್ಕು ಬ್ಯಾಟರಿ ಹೆಚ್ಚು ಹಾಕಿದರೆ ಸಾಲದಾ? ಇದೆಂತಕ್ಕೆ?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಬಾಯಿಮಾತಿನ ಉತ್ತರಕ್ಕಿಂತ ಲೆಕ್ಕವೇ ಒಳ್ಳೆಯ ಉತ್ತರ.

ಒಂದು ಗ್ರಾಮೀಣ ಆರೋಗ್ಯ ಕೇಂದ್ರವನ್ನು ತೆಗೆದುಕೊಳ್ಳೋಣ. ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ ಇಡುವ ಶೀತಲ ಪೆಟ್ಟಿಗೆ, ಪ್ರಯೋಗಾಲಯದ ಒಂದು ಫ್ರಿಜ್, ಎರಡು ಆಕ್ಸಿಜನ್ ಕಾನ್ಸಂಟ್ರೇಟರ್, ನೆಬ್ಯುಲೈಸರ್, ನಾಲ್ಕಾರು ದೀಪ ಮತ್ತು ಫ್ಯಾನು, ಒಂದು ಕಂಪ್ಯೂಟರ್. ಅತ್ಯಗತ್ಯವಾದದ್ದನ್ನಷ್ಟೇ ಹಿಡಿದರೆ ಸರಾಸರಿ ಒಂದೂವರೆ ಕಿಲೋವ್ಯಾಟ್ ಎನ್ನಬಹುದು. ಎರಡು ದಿನ ಕರೆಂಟಿಲ್ಲ ಎಂದರೆ 72 ಯೂನಿಟ್ ಬೇಕು. ಮನೆಮನೆಯಲ್ಲಿರುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇದ್ದರೂ, ಅದರ ಆಯುಸ್ಸು ಕೆಡದಂತೆ ಬಳಸಬೇಕಾದರೆ ತೆಗೆಯಬಹುದಾದದ್ದು ಹೆಚ್ಚುಕಡಿಮೆ ಒಂದು ಯೂನಿಟ್. ಅಂದರೆ ಎಪ್ಪತ್ತಕ್ಕೂ ಹೆಚ್ಚು ಬ್ಯಾಟರಿಗಳು. ಲೀಥಿಯಂ ಆದರೆ ಜಾಗ ಕಡಿಮೆ ಸಾಕು, ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಒಪ್ಪೋಣ. ಆದರೆ ಆ ದೊಡ್ಡ ಬ್ಯಾಟರಿಯ ಬಹುಭಾಗ ವರ್ಷವಿಡೀ ಕೆಲಸವಿಲ್ಲದೆ ಕೂತಿರುತ್ತದೆ. ಮೂರನೆಯ ದಿನ ಖಾಲಿಯಾದ ಮೇಲೆ ಅದನ್ನು ತುಂಬಿಸುವುದಕ್ಕೆ ದಾರಿಯೂ ಇರುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟಿನ) ಮೋಡದಡಿಯಲ್ಲಿ ಸೋಲಾರ್ ಫಲಕ ಬೇಸಿಗೆಯಲ್ಲಿ ಕೊಡುವುದರ ಸಣ್ಣದೊಂದು ಪಾಲನ್ನಷ್ಟೇ ಕೊಡುತ್ತದೆ.

ಹೈಡ್ರೋಜನ್ನಿನ ಲೆಕ್ಕ ಹೀಗೆ. ಒಂದು ಕಿಲೋ ಹೈಡ್ರೋಜನ್ನಿನಲ್ಲಿ 33 ಯೂನಿಟ್ಟಿನಷ್ಟು ಶಕ್ತಿ ಇದೆ. ಇಂಧನಕೋಶ ಅದರ ಅರ್ಧದಷ್ಟನ್ನು, ಸುಮಾರು 16 ಯೂನಿಟ್ಟನ್ನು, ವಿದ್ಯುತ್ತಾಗಿ ಕೊಡುತ್ತದೆ. ಗ್ಯಾಸ್ ಅಂಗಡಿಗಳಲ್ಲಿ ಕಾಣುವ ಎತ್ತರದ ಉಕ್ಕಿನ ಸಿಲಿಂಡರಿನಲ್ಲಿ 150 ಬಾರ್ ಒತ್ತಡದಲ್ಲಿ ತುಂಬಿದರೆ ಹಿಡಿಯುವುದು ಸುಮಾರು 600 ಗ್ರಾಂ. ಹಾಗಾಗಿ ಒಂದು ಸಿಲಿಂಡರಿಗೆ ಒಂಬತ್ತು ಹತ್ತು ಯೂನಿಟ್. ಎರಡು ದಿನಕ್ಕೆ ಎಂಟು ಸಿಲಿಂಡರ್. ಮೂರನೆಯ ದಿನಕ್ಕೆ ಬೇಕಾದರೆ ಇನ್ನು ನಾಲ್ಕು ತಂದು ಜೋಡಿಸಿದರೆ ಆಯಿತು, ಯಂತ್ರ ಅದೇ. ಬ್ಯಾಟರಿಗೂ ಇದಕ್ಕೂ ಇರುವ ವ್ಯತ್ಯಾಸದ ಮೂಲ ಇಲ್ಲಿದೆ: ಬ್ಯಾಟರಿಯಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟಕ್ಕೂ ಮೊದಲೇ ದುಡ್ಡು ಕೊಟ್ಟಿರಬೇಕು, ಇಂಧನಕೋಶದಲ್ಲಿ ಯಂತ್ರಕ್ಕೊಮ್ಮೆ ಕೊಟ್ಟರೆ ಹೊತ್ತನ್ನು ಇಂಧನದಿಂದ ಬೆಳೆಸಿಕೊಂಡು ಹೋಗಬಹುದು. ಮೇಲಾಗಿ ಲೋಡ್ ಕಡಿಮೆಯಾದಾಗ ಡೀಸೆಲ್ ಜನರೇಟರಿನ ದಕ್ಷತೆ ಬೀಳುತ್ತದೆ, ಇಂಧನಕೋಶದ್ದು ಬೀಳುವುದಿಲ್ಲ, ಸ್ವಲ್ಪ ಏರುವುದೂ ಉಂಟು. ರಾತ್ರಿಯೆಲ್ಲ ಒಂದು ಫ್ರಿಜ್ಜೂ ಒಂದು ಕಾನ್ಸಂಟ್ರೇಟರೂ ಮಾತ್ರ ಓಡುವ ಆರೋಗ್ಯ ಕೇಂದ್ರಕ್ಕೆ ಈ ಗುಣ ಬಹಳ ದೊಡ್ಡದು. ಜನರೇಟರಿನ ಸದ್ದು, ರೋಗಿಗಳಿರುವ ಕೋಣೆಗೆ ನುಗ್ಗುವ ಹೊಗೆ, ಇವೆರಡೂ ಇಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಆಕ್ಸಿಜನ್ ಕಾನ್ಸಂಟ್ರೇಟರನ್ನು ನಾನು ಬೇಕೆಂದೇ ಹೆಸರಿಸಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಪಂಚಾಯತುಗಳಿವು. ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆ ವರ್ಷಗಟ್ಟಲೆ ಹಾಸಿಗೆಯಲ್ಲೇ ಇರುವ ಮಕ್ಕಳನ್ನು, ದೊಡ್ಡವರಾದ ಮಕ್ಕಳನ್ನು, ಸಾಕುತ್ತಿರುವ ತಾಯಂದಿರಿದ್ದಾರೆ. ಹಾಸಿಗೆ ಹುಣ್ಣಾಗದಂತೆ ತಡೆಯುವ ಗಾಳಿಹಾಸಿಗೆಯ ಪಂಪು, ಕಫ ತೆಗೆಯುವ ಸಕ್ಷನ್ ಯಂತ್ರ, ಕೆಲವರಿಗೆ ಆಮ್ಲಜನಕ, ಇವೆಲ್ಲ ಕರೆಂಟಿನಿಂದಲೇ ನಡೆಯುವಂಥವು. ಒಂದು ಕಾನ್ಸಂಟ್ರೇಟರಿಗೆ ಸುಮಾರು 350 ವ್ಯಾಟ್ ಎಂದರೆ ದಿನವೊಂದಕ್ಕೆ ಎಂಟೂವರೆ ಯೂನಿಟ್. ಮೇಲೆ ಹೇಳಿದ ಒಂದು ಸಿಲಿಂಡರ್ ಒಬ್ಬ ಮನುಷ್ಯನ ಒಂದು ದಿನದ ಉಸಿರಾಟಕ್ಕೆ ಸಾಕು. ದೊಡ್ಡ ಆಸ್ಪತ್ರೆಗೆಂದು ಮಂಗಳೂರಿನ ದಾರಿ ಹಿಡಿಯುವವರು ನಾವು. ಮರ ಬಿದ್ದು ಲೈನು ಹೋದ ದಿನ ಆ ದಾರಿಯೂ ಮರ ಬಿದ್ದು ಮುಚ್ಚಿರುತ್ತದೆ. ಆದ್ದರಿಂದ ಪ್ರತಿ ಮನೆಗೂ ಇಂಧನಕೋಶ ಎಂದು ನಾನು ಹೇಳುತ್ತಿಲ್ಲ. ಪ್ರತಿ ಪಂಚಾಯತಿನಲ್ಲಿ ಒಂದು ಜಾಗದಲ್ಲಾದರೂ, ಎಂತಹ ಗಾಳಿಮಳೆಗೂ ಕರೆಂಟು ಹೋಗದ ನಾಲ್ಕು ಹಾಸಿಗೆಗಳಿರಬೇಕು ಎಂದಷ್ಟೇ ನನ್ನ ಕೇಳಿಕೆ.

ಹಾಲಿನ ಸೊಸೈಟಿಯ ವಿಷಯ ಸ್ವಲ್ಪ ಬೇರೆ. ಹಾಲನ್ನು 4 ಡಿಗ್ರಿಗೆ ಇಳಿಸುವ ಬಲ್ಕ್ ಕೂಲರಿನ ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಇಂಧನಕೋಶಕ್ಕೆ ಅನಿಲದ ಹರಿವನ್ನು ಅಷ್ಟು ದಿಢೀರನೆ ಏರಿಸಲು ಆಗುವುದಿಲ್ಲ. ಆದ್ದರಿಂದ ನಡುವೆ ಚಿಕ್ಕದಾದರೂ ಒಂದು ಬ್ಯಾಟರಿ ಇರಲೇಬೇಕು. ದಿಢೀರ್ ಎಳೆತವನ್ನು ಅದು ತಡೆದುಕೊಳ್ಳುತ್ತದೆ, ಇಂಧನಕೋಶ ಹಿಂದಿನಿಂದ ಒಂದೇ ಹದದಲ್ಲಿ ಅದನ್ನು ತುಂಬಿಸುತ್ತ ಹೋಗುತ್ತದೆ. ಭಾವನವರ ಬ್ಯಾಟರಿಗೂ ಹೀಗೆ ಕೆಲಸ ಇದ್ದೇ ಇದೆ. ಟವರುಗಳಲ್ಲಿ ಈ ಹೊಂದಾಣಿಕೆ ಇನ್ನೂ ಸಲೀಸು, ಏಕೆಂದರೆ ಅಲ್ಲಿನ ಉಪಕರಣಗಳೆಲ್ಲ 48 ವೋಲ್ಟ್ ಡಿಸಿಯಲ್ಲೇ (ಬ್ಯಾಟರಿ ಕೊಡುವಂಥ ನೇರ ಕರೆಂಟಿನಲ್ಲೇ) ನಡೆಯುತ್ತವೆ, ಇಂಧನಕೋಶ ಕೊಡುವುದೂ ಡಿಸಿಯನ್ನೇ. ನಮ್ಮ ದೇಶದಲ್ಲೂ ಇಂಧನಕೋಶದ ಮೊದಮೊದಲ ಪ್ರಯೋಗಗಳು ಮೊಬೈಲ್ ಟವರುಗಳಲ್ಲಿ ನಡೆದದ್ದು ಈ ಕಾರಣಕ್ಕೇ.

ಇನ್ನು ಇಂಧನದ ಪ್ರಶ್ನೆ. ಇಂಧನಕೋಶದ ಬಗ್ಗೆ ಬರೆಯುವವರು ಬಹಳ ಸಲ ಯಂತ್ರವನ್ನು ಹೊಗಳಿ ಇಂಧನದ ಮಾತು ಬಂದಾಗ ಅವಸರದಲ್ಲಿ ದಾಟಿಬಿಡುತ್ತಾರೆ. ನನ್ನ ಅನುಭವದಲ್ಲಿ ಕಷ್ಟವೆಲ್ಲ ಇರುವುದು ಅಲ್ಲಿಯೇ.

ಸೋಲಾರಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ ಇಟ್ಟುಕೊಳ್ಳಬಹುದಲ್ಲ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. 2023ರ ಜನವರಿಯಲ್ಲಿ ಕೇಂದ್ರ ಸರಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟ ಮೇಲೆ ಇದು ಇನ್ನೂ ಹೆಚ್ಚಿದೆ. ಪೈವಳಿಕೆಯಲ್ಲಿ 50 ಮೆಗಾವ್ಯಾಟ್, ಅಂಬಲತ್ತರದಲ್ಲಿ 50 ಮೆಗಾವ್ಯಾಟ್ ಸೋಲಾರ್ ಸ್ಥಾವರಗಳಿರುವ ಜಿಲ್ಲೆ ನಮ್ಮದು. ಆಸೆ ಹುಟ್ಟುವುದು ಸಹಜ. ಆದರೆ ಒಂದು ಕಿಲೋ ಹೈಡ್ರೋಜನ್ ತಯಾರಿಸಲು 50ರಿಂದ 55 ಯೂನಿಟ್ ಬೇಕು, ಹಿಂದೆ ಬರುವುದು 16. ನೂರು ಯೂನಿಟ್ ಹಾಕಿದರೆ ಮೂವತ್ತು ಸಿಗುತ್ತದೆ. ಲೀಥಿಯಂ ಬ್ಯಾಟರಿಯಲ್ಲಿ ಎಂಬತ್ತೈದಕ್ಕೂ ಮಿಕ್ಕಿ ಸಿಗುತ್ತದೆ. ಹಗಲಿನ ಬಿಸಿಲನ್ನು ಸಂಜೆಗೆ ಉಳಿಸಿಕೊಳ್ಳುವ ದಿನನಿತ್ಯದ ಕೆಲಸಕ್ಕೆ ಹೈಡ್ರೋಜನ್ ಬಳಸುವುದು ಶುದ್ಧ ನಷ್ಟ. ಅದಕ್ಕೆ ಬ್ಯಾಟರಿಯೇ ಸರಿ, ಮೈಲಾಟಿಯ 220 ಕೆವಿ ಸಬ್‌ಸ್ಟೇಷನ್ನಿಗೆ ಗೊತ್ತುಮಾಡಿರುವ 125 ಮೆಗಾವ್ಯಾಟಿನ, ನಾಲ್ಕು ಗಂಟೆ ಕರೆಂಟು ಕೊಡಬಲ್ಲ ಬ್ಯಾಟರಿ ಯೋಜನೆ ಅಂಥದ್ದೇ. ಆದರೆ ಮೈಲಾಟಿಯಲ್ಲಿ ಎಷ್ಟೇ ದೊಡ್ಡ ಬ್ಯಾಟರಿ ಇದ್ದರೂ ಬದಿಯಡ್ಕದಿಂದ ಈಚೆ ಕಂಬ ಮುರಿದು ಬಿದ್ದ ದಿನ ಅದು ನಮ್ಮನ್ನು ತಲಪುವುದಿಲ್ಲ. ವರ್ಷದಲ್ಲಿ ಬೆರಳೆಣಿಕೆಯ ದಿನ ಮಾತ್ರ ಬೇಕಾಗುವ, ಆದರೆ ಆ ದಿನಗಳಲ್ಲಿ ಬೇಕೇಬೇಕಾದ ಕರೆಂಟಿಗೆ ಮೂವತ್ತರ ಲೆಕ್ಕವೂ ನಡೆದೀತು. ಬೇಸಿಗೆಯ ಬಿಸಿಲಿನಲ್ಲಿ ಮಾಡಿಟ್ಟ ಹೈಡ್ರೋಜನ್ ಆಟಿ ತಿಂಗಳಿನವರೆಗೂ ಸಿಲಿಂಡರಿನಲ್ಲಿ ಹಾಗೇ ಇರುತ್ತದೆ. ಒಂದು ಕಿಲೋ ಹೈಡ್ರೋಜನ್ನಿಗೆ ಲೆಕ್ಕದ ಪ್ರಕಾರ ಒಂಬತ್ತು ಲೀಟರ್ ಶುದ್ಧ ನೀರು ಬೇಕು, ಶುದ್ಧೀಕರಣದಲ್ಲಿ ಹೋಗುವುದು ಸೇರಿ ಇನ್ನೂ ಹೆಚ್ಚು. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ ಸಣ್ಣ ಒಸರನ್ನು ನಂಬಿ ಬೇಸಿಗೆ ಕಳೆಯುವ ಮನೆಗಳಿರುವಲ್ಲಿ ಆ ನೀರು ಎಲ್ಲಿಯದು ಎಂಬುದನ್ನೂ ಮೊದಲೇ ಕೇಳಬೇಕು.

ಹೈಡ್ರೋಜನ್ನಿಗೆ ಇನ್ನೊಂದು ಮೂಲವೂ ಇದೆ: ಕಾಸ್ಟಿಕ್ ಸೋಡಾ ತಯಾರಿಸುವ ಕಾರ್ಖಾನೆಗಳಲ್ಲಿ ಪ್ರತಿ ಟನ್ನಿಗೆ 25 ಕಿಲೋದಷ್ಟು ಹೈಡ್ರೋಜನ್ ತಾನಾಗಿ ಹೊರಬರುತ್ತದೆ. ಕೊಚ್ಚಿಯ ಏಲೂರಿನಲ್ಲೂ ಕಾರವಾರದ ಬಿಣಗಾದಲ್ಲೂ ಅಂಥ ಕಾರ್ಖಾನೆಗಳಿವೆ, ಎರಡರ ನಡುವೆ ನಾವಿದ್ದೇವೆ. ದಕ್ಷಿಣ ಕೊರಿಯಾದ ದೇಸಾನಿನಲ್ಲಿ 2020ರಲ್ಲಿ ಶುರುವಾದ 50 ಮೆಗಾವ್ಯಾಟಿನ ಇಂಧನಕೋಶ ಸ್ಥಾವರ ಪೆಟ್ರೋರಾಸಾಯನಿಕ ಕಾರ್ಖಾನೆಯ ಇಂಥ ಉಪೋತ್ಪನ್ನ ಹೈಡ್ರೋಜನ್ನಿನಿಂದಲೇ ನಡೆಯುತ್ತದೆ. ನಮಗೆ ಬೇಕಾಗಿರುವುದು ಮೆಗಾವ್ಯಾಟುಗಳಲ್ಲ, ಮಳೆಗಾಲಕ್ಕೆ ಮುಂಚೆ ಪಂಚಾಯತಿಗೊಂದು ಹತ್ತು ಹನ್ನೆರಡು ಸಿಲಿಂಡರುಗಳು. ಅಡಿಗೆ ಗ್ಯಾಸಿನ ಲಾರಿ ಬರುವ ದಾರಿಯಲ್ಲಿ ಇವೂ ಬರಬಲ್ಲವು. ಹೈಡ್ರೋಜನ್ ಸಿಲಿಂಡರುಗಳನ್ನು ಸಂಗ್ರಹಿಸಿಡುವುದಕ್ಕೆ ಸ್ಫೋಟಕ ಸುರಕ್ಷತಾ ಇಲಾಖೆಯ ನಿಯಮಗಳಿವೆ, ಅವನ್ನು ಪಾಲಿಸಲೇಬೇಕು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗದಿಂದ ಎಪ್ಪತ್ತೈದು ಭಾಗದವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುವ ಅನಿಲ ಇದು, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಅಡಿಗೆ ಗ್ಯಾಸು ಸೋರಿದರೆ ನೆಲಕ್ಕಿಳಿದು ಮೂಲೆಯಲ್ಲಿ ನಿಲ್ಲುತ್ತದೆ, ಹೈಡ್ರೋಜನ್ ಮೇಲಕ್ಕೆ ಹಾರಿಹೋಗುತ್ತದೆ. ಆದ್ದರಿಂದ ಸಿಲಿಂಡರುಗಳನ್ನು ಕೋಣೆಯೊಳಗೆ ಇಡದೆ, ಮೇಲೆ ಶೀಟಿನ ಮಾಡು (ಚಾವಣಿ), ಸುತ್ತ ತಂತಿಬಲೆ, ಮಾಡಿನ ಅತಿ ಎತ್ತರದ ಜಾಗದಲ್ಲಿ ಗಾಳಿಗಂಡಿ ಇರುವ ತೆರೆದ ಕಟ್ಟೆಯ ಮೇಲೆ ಇಡಬೇಕು.

ಮೆಥನಾಲ್ ಇನ್ನೊಂದು ದಾರಿ. ಅದು ದ್ರವವಾದ್ದರಿಂದ ಕ್ಯಾನಿನಲ್ಲಿ ಒಯ್ಯಬಹುದು. ನೇರವಾಗಿ ಮೆಥನಾಲನ್ನೇ ಬಳಸುವ ಸಣ್ಣ ಇಂಧನಕೋಶಗಳಿಗೆ ಯೂನಿಟ್ಟಿಗೆ ಒಂದು ಲೀಟರಿನ ಹತ್ತಿರ ಖರ್ಚಾಗುತ್ತದೆ. ಕಾಲುಹಾದಿಯ ಟವರಿಗೆ ಇದು ಅನುಕೂಲ. ಆದರೆ 2000ನೇ ಇಸವಿಯಲ್ಲಿ ಕಲ್ಲುವಾತುಕ್ಕಲ್‌ನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಜನ ಸತ್ತ ರಾಜ್ಯ ನಮ್ಮದು. ಬೀಗ, ಲೆಕ್ಕದ ಪುಸ್ತಕ, ಹೊಣೆಗಾರ ಮನುಷ್ಯ ಇಲ್ಲದ ಕಡೆ ಮೆಥನಾಲ್ ಇಡಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮೂರನೆಯ ಇಂಧನ ನಮ್ಮ ಜಿಲ್ಲೆಯ ನೆಲದಡಿಯಲ್ಲೇ ಹರಿಯುತ್ತಿದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಚಂದ್ರಗಿರಿ ಹೊಳೆಯ ತಳದಲ್ಲಿ ಕೊಳವೆ ಹಾಯಿಸುವುದೇ ಕೊನೆಗೆ ಉಳಿದಿದ್ದ ಕಷ್ಟದ ಕೆಲಸವಾಗಿತ್ತು. ಈ ಅನಿಲವನ್ನು ಬಳಸಬಲ್ಲದ್ದು ಘನ ಆಕ್ಸೈಡ್ ಇಂಧನಕೋಶ. ಇದರಲ್ಲಿ ಪ್ಲಾಸ್ಟಿಕ್ ಪೊರೆಯ ಬದಲು ಸೆರಾಮಿಕ್ ತಟ್ಟೆ ಇರುತ್ತದೆ, 600 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಕೆಲಸ ಮಾಡುತ್ತದೆ, ಪ್ಲಾಟಿನಂ ಬೇಕಿಲ್ಲ, ವಿದ್ಯುತ್ ದಕ್ಷತೆ ನೂರಕ್ಕೆ 50ರಿಂದ 60ರಷ್ಟು. ಇದು ಇಂಗಾಲಮುಕ್ತವಲ್ಲ, ಯೂನಿಟ್ಟಿಗೆ ಸುಮಾರು 350ರಿಂದ 400 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕಲ್ಲಿದ್ದಲಿನ ಕರೆಂಟಿನ ಅರ್ಧಕ್ಕಿಂತ ಕಡಿಮೆ. ಒಮ್ಮೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು, ಪದೇಪದೇ ಆರಿಸಿ ಹೊತ್ತಿಸಿದರೆ ಸೆರಾಮಿಕ್ ಸೀಳು ಬಿಡುತ್ತದೆ. ಹಾಗಾಗಿ ಕರೆಂಟು ಹೋದಾಗ ಮಾತ್ರ ಎಬ್ಬಿಸುವ ಯಂತ್ರ ಇದಲ್ಲ. ವರ್ಷವಿಡೀ ಹಗಲಿರುಳು ಓಡುತ್ತಿರಬೇಕು, ಬಿಸಿನೀರೂ ಉಪಯೋಗಕ್ಕೆ ಬರಬೇಕು. ಕೊಳವೆ ಹಾದುಹೋಗುವ ಕರಾವಳಿ ಬದಿಯ ಆಸ್ಪತ್ರೆ, ಮೀನಿನ ಐಸ್ ಪ್ಲಾಂಟು, ಹೋಟೆಲುಗಳಿಗೆ ಅದು ಸರಿ. ನಮ್ಮ ಗುಡ್ಡೆಗಳಿಗೆ ಅನಿಲ ಹತ್ತಿ ಬರುವ ಕಾಲ ಇನ್ನೂ ದೂರ ಇದೆ. ಕರಾವಳಿಯಲ್ಲಾದರೆ ಗಾಳಿಯಲ್ಲಿರುವ ಉಪ್ಪನ್ನು ತಡೆಯುವ ಫಿಲ್ಟರಿನ ಕಡೆ ಗಮನ ಬೇಕು. ಗೋಬರ್ ಗ್ಯಾಸಿನಿಂದ ಆಗದೇ ಎಂದು ದನ ಸಾಕುವವರು ಕೇಳುತ್ತಾರೆ. ತತ್ತ್ವದಲ್ಲಿ ಆಗುತ್ತದೆ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮೀಥೇನೇ ಇರುವುದು. ಆದರೆ ಕೊಳೆತ ಮೊಟ್ಟೆಯ ವಾಸನೆ ಕೊಡುವ ಗಂಧಕದ ಅನಿಲ ಅದರಲ್ಲಿ ಚೂರು ಉಳಿದರೂ ಕೋಶದ ನಿಕ್ಕಲ್ ಪದರ ಹಾಳಾಗುತ್ತದೆ. ಒಂದು ಮನೆಯ ಗುಂಡಿಯ ಅನಿಲ ಒಲೆಗೇ ಸರಿಹೋಗುತ್ತದೆ ಕೂಡ.

ಲೈನಿನ ಸ್ಥಿತಿ ನೋಡಿ ಕರೆಂಟನ್ನು ತಾನೇ ಹೊಂದಿಸಿಕೊಳ್ಳುವ ಜಾಲವಾದ ಸ್ಮಾರ್ಟ್ ಗ್ರಿಡ್ಡಿಗೂ ಇದಕ್ಕೂ ಏನು ಸಂಬಂಧ ಎಂಬುದನ್ನು ಮಾಡಿನ ಮೇಲಿನ ಸೋಲಾರಿನಿಂದ ವಿವರಿಸಬಹುದು. ಈಚೆಗೆ ನಮ್ಮಲ್ಲಿ ಗ್ರಿಡ್ಡಿಗೆ ಜೋಡಿಸಿದ ಸೋಲಾರ್ ಹಾಕಿಸಿಕೊಂಡವರು ಬಹಳ. ಮೊದಲ ಮಳೆಗಾಲದಲ್ಲಿ ಅವರಿಗೆಲ್ಲ ಒಂದು ನಿರಾಸೆ ಕಾದಿರುತ್ತದೆ: ಲೈನಿನಲ್ಲಿ ಕರೆಂಟು ಹೋದೊಡನೆ, ಬಿಸಿಲಿದ್ದರೂ, ಸೋಲಾರೂ ನಿಂತುಬಿಡುತ್ತದೆ. ಹಾಗೆ ನಿಲ್ಲುವಂತೆ ಮಾಡಿರುವುದು ಒಳ್ಳೆಯದಕ್ಕೇ. ಮನೆಯ ಸೋಲಾರಿನ ಕರೆಂಟು ಹಿಂದಕ್ಕೆ ಹರಿದು, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನಿನ ಜೀವ ತೆಗೆಯಬಾರದು. ಜಪಾನಿನಲ್ಲೂ ಇದೇ ಆಯಿತು. 2009ರಿಂದ ಅಲ್ಲಿನ ಮನೆಗಳಿಗೆ ಸುಮಾರು 700 ವ್ಯಾಟಿನ, ಬಿಸಿನೀರನ್ನೂ ಕೊಡುವ ಇಂಧನಕೋಶಗಳು ಬರತೊಡಗಿದ್ದವು. 2011ರ ಭೂಕಂಪದಲ್ಲಿ ಗ್ರಿಡ್ ಹೋದಾಗ ಆ ಯಂತ್ರಗಳಿಗೂ ಒಂಟಿಯಾಗಿ ನಡೆಯಲು ಬರುತ್ತಿರಲಿಲ್ಲ; ಆ ಬಳಿಕವೇ ಗ್ರಿಡ್ ಇಲ್ಲದಾಗಲೂ ನಡೆಯುವ ಮಾದರಿಗಳನ್ನು ತಂದರು.

ಅಂದರೆ ನಮಗೆ ಬೇಕಾದದ್ದು ಬರಿಯ ಕರೆಂಟಿನ ಪೆಟ್ಟಿಗೆಯಲ್ಲ, ಮುಖ್ಯ ಲೈನು ಸತ್ತಾಗ ಒಂದು ಸಣ್ಣ ಭಾಗವನ್ನು ಅದರಿಂದ ಖಚಿತವಾಗಿ ಬೇರ್ಪಡಿಸಿ, ಆ ಭಾಗಕ್ಕೆ ವೋಲ್ಟೇಜೂ ಫ್ರೀಕ್ವೆನ್ಸಿಯೂ ತಾನೇ ಕೊಟ್ಟು ನಡೆಸುವ ವ್ಯವಸ್ಥೆ. ಆರೋಗ್ಯ ಕೇಂದ್ರದಲ್ಲಿ ಇಂಧನಕೋಶ, ಬ್ಯಾಟರಿ, ಗ್ರಿಡ್ ರೂಪಿಸಬಲ್ಲ ಇನ್ವರ್ಟರ್ ಮೂರೂ ಇದ್ದರೆ ಅದೇ ಕಟ್ಟಡದ, ಒತ್ತಿನ ಶಾಲೆಯ, ಪಂಚಾಯತ್ ಕಚೇರಿಯ ಮಾಡಿನ ಸೋಲಾರ್ ಕೂಡ ಆ ವೋಲ್ಟೇಜನ್ನು ಕಂಡು ಮತ್ತೆ ಕೆಲಸಕ್ಕೆ ಹತ್ತುತ್ತದೆ. ಹಗಲು ಮೋಡ ಸರಿದಷ್ಟು ಹೊತ್ತು ಸೋಲಾರ್ ಕೊಟ್ಟಷ್ಟು ಹೈಡ್ರೋಜನ್ ಉಳಿಯುತ್ತದೆ. ಮುಖ್ಯ ಲೈನಿಗೆ ಜೀವ ಬಂದ ಮೇಲೆ ಎರಡನ್ನೂ ತಾಳೆ ನೋಡಿ ಸೇರಿಸುವುದು ಸ್ವಿಚ್ಚಿನ ಕೆಲಸ. ಸ್ಮಾರ್ಟ್ ಗ್ರಿಡ್ ಎಂದರೆ ಮೀಟರ್ ಬದಲಿಸುವುದು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ಫೀಡರಿನ ತುದಿಯಲ್ಲಿ ಬದುಕುವ ನಮಗೆ ಈ ಬೇರ್ಪಡಿಸಿ ಸೇರಿಸುವ ಸ್ವಿಚ್ಚು ಮೀಟರಿಗಿಂತ ಹೆಚ್ಚು ಮುಖ್ಯ ಎಂದು ನಾನು ನಂಬಿದ್ದೇನೆ.

ಬೆಲೆಯ ಮಾತನ್ನು ಮುಚ್ಚಿಡುವುದಿಲ್ಲ. ಕಿಲೋವ್ಯಾಟಿನ ಲೆಕ್ಕದಲ್ಲಿ ಇಂಧನಕೋಶ ಇಂದಿಗೂ ಡೀಸೆಲ್ ಜನರೇಟರಿನ ಹಲವು ಪಟ್ಟು ದುಬಾರಿ, ಮತ್ತು ನಮ್ಮ ಪೇಟೆಗಳಲ್ಲಿ ಅದನ್ನು ರಿಪೇರಿ ಮಾಡಬಲ್ಲವರು ಸಿಗುವುದಿಲ್ಲ. ಆದ್ದರಿಂದಲೇ ಎಲ್ಲಿ ಬೇಕು ಎಂಬುದನ್ನು ಊಹೆಯಿಂದ ತೀರ್ಮಾನಿಸಬಾರದು. ಯಾವ ಫೀಡರಿನಲ್ಲಿ ಯಾವ ದಿನ ಎಷ್ಟು ಗಂಟೆ ಕರೆಂಟಿರಲಿಲ್ಲ ಎಂಬ ದಾಖಲೆ ವಿದ್ಯುತ್ ಕಚೇರಿಗಳಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಆರು ಗಂಟೆ ಮೀರಿದ ಕಡಿತಗಳನ್ನು ಮಾತ್ರ ಬೇರೆ ಬರೆದುಕೊಂಡರೆ, ಬ್ಯಾಟರಿ ಸಾಕಾಗುವ ಜಾಗ ಯಾವುದು, ಸಾಲದ ಜಾಗ ಯಾವುದು ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಕೇಳುವ ಯೋಚನೆ ನನಗಿದೆ.

ಅದಕ್ಕಿಂತಲೂ ಮೊದಲು, ಯಾವ ಇಂಧನಕೋಶಕ್ಕೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಹೆಚ್ಚಿನ ಆರೋಗ್ಯ ಕೇಂದ್ರಗಳಲ್ಲಿ, ಸೊಸೈಟಿಗಳಲ್ಲಿ, ಎಲ್ಲ ಲೋಡೂ ಒಂದೇ ಡಿಬಿಯಿಂದ (ಕರೆಂಟು ಹಂಚುವ ಪೆಟ್ಟಿಗೆಯಿಂದ) ಹೋಗುತ್ತದೆ. ಕರೆಂಟು ಹೋದಾಗ ಲಸಿಕೆಯ ಪೆಟ್ಟಿಗೆಯನ್ನು ಮಾತ್ರ ನಡೆಸೋಣವೆಂದರೆ ಅಂಗಳದ ದೀಪ, ನೀರಿನ ಪಂಪು, ಗೀಸರು ಎಲ್ಲವೂ ಜೊತೆಗೇ ಹತ್ತುತ್ತವೆ, ಇನ್ವರ್ಟರ್ ಅರ್ಧ ಗಂಟೆಯಲ್ಲಿ ಸೋಲುತ್ತದೆ. ಅತ್ಯಗತ್ಯ ಲೋಡುಗಳನ್ನು ಗುರುತಿಸಿ ಪ್ರತ್ಯೇಕ ಡಿಬಿಗೆ ತೆಗೆದು, ಅವುಗಳ ಪ್ಲಗ್ ಪಾಯಿಂಟಿಗೆ ಬೇರೆ ಬಣ್ಣ ಕೊಟ್ಟು, ಅವಕ್ಕೆ ಒಂದು ಸಬ್‌ಮೀಟರ್ ಕೂರಿಸಲು ಊರಿನ ಒಬ್ಬ ಒಳ್ಳೆಯ ವೈರ್‌ಮನ್ನಿಗೆ ಹೆಚ್ಚು ದಿನ ಬೇಡ. ಒಂದು ಮಳೆಗಾಲ ಆ ಮೀಟರಿನ ರೀಡಿಂಗನ್ನು ದಿನವೂ ಬರೆದಿಟ್ಟರೆ, ನಾನು ಮೇಲೆ ಒಂದೂವರೆ ಕಿಲೋವ್ಯಾಟ್ ಎಂದು ಹಿಡಿದ ಲೆಕ್ಕದ ಜಾಗದಲ್ಲಿ ಆಯಾ ಕಟ್ಟಡದ ನಿಜವಾದ ಅಂಕಿ ಕೈಗೆ ಸಿಗುತ್ತದೆ. ಬ್ಯಾಟರಿ ತರುವುದಿದ್ದರೂ ಇಂಧನಕೋಶ ತರುವುದಿದ್ದರೂ ಅಂಗಡಿಯವರ ಮುಂದೆ ಇಡಬೇಕಾದದ್ದು ಆ ಅಂಕಿಯನ್ನೇ.